ವಿಹಾರದ ಕೆರೆಗೂ ಏರಿ ಬೇಕು, ಕೋಡಿ ಬೇಕು

ಕೆರೆಯ ನೀರಿನಿಂದ ಗದ್ದೆ ಬೆಳೆಯುವವರೆಗೂ ಆ ಕೆರೆಯನ್ನು ನೋಡಿಕೊಳ್ಳುವ ಕಣ್ಣುಗಳು ಊರಿನಲ್ಲಿ ಇರುತ್ತವೆ. ನೀರುಗಂಟಿ ತೂಬಿನ ಬಳಿಗೆ ಹೋಗಿ ಬರುತ್ತಾನೆ. ಅಚ್ಚುಕಟ್ಟಿನ ರೈತ ಗದ್ದೆಗೆ ನಡೆಯುವಾಗ ಏರಿಯ ಹಿಂಬದಿ ಎಲ್ಲಿ ಜಿನುಗುತ್ತಿದೆ, ಎಲ್ಲಿ ಬಿಲ ಬಿದ್ದಿದೆ ಎಂಬುದನ್ನು ಹೇಳಿಸಿಕೊಳ್ಳದೆಯೇ ಕಾಣುತ್ತಾನೆ. ನೀರಾವರಿ ಕೊಳವೆ ಬಾವಿಯ ಪಾಲಾಗಿ, ಕೆರೆ ನೋಟಕ್ಕೆ ಮತ್ತು ತಿರುಗಾಟಕ್ಕೆ ಮಾತ್ರ ಉಳಿದಾಗ ಈ ಕಣ್ಣುಗಳು ಇಲ್ಲವಾಗುತ್ತವೆ. ನೀರಿನ ಭಾರ ಮಾತ್ರ ಹಿಂದೆ ಇದ್ದಷ್ಟೇ ಇರುತ್ತದೆ.

ಇಂದು ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ಕೆರೆಯ ಏರಿಯ ಮೇಲೆ ಕಾಲುದಾರಿ ಹಾಕುವುದು, ದೀಪದ ಕಂಬ ನೆಡುವುದು, ಕಲ್ಲು ಬೆಂಚು ಇಡುವುದು, ದೋಣಿ ಬಿಡುವುದು ನಡೆದಿದೆ. ಇದು ಕೆಟ್ಟ ಕೆಲಸವಲ್ಲ. ಕಸದ ಗುಂಡಿಯಾಗಿ ಹೋಗುತ್ತಿದ್ದ ಕೆರೆಗಳು ಇದರಿಂದ ಉಳಿದುಕೊಂಡಿವೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ವಿಹಾರಕ್ಕೆಂದು ನೀರು ನಿಲ್ಲಿಸಿದ ಮೇಲೆ ಅದರ ಏರಿಯ ಹೊಣೆ ಯಾರದು? ಏರಿಯ ಮೇಲೆ ಗಾಳಿ ಸೇವಿಸುವವರು ಪೇಟೆಯವರು. ಏರಿ ಒಡೆದರೆ ನೀರಿನ ದಾರಿಯಲ್ಲಿರುವವರು ಕೆಳಗಿನ ಗದ್ದೆ, ತೋಟ, ಗುಡಿಸಲಿನವರು.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಅಮೆರಿಕ ಸಂಯುಕ್ತ ಸಂಸ್ಥಾನದ ಅನುಭವವನ್ನು ನೋಡುವುದು ಒಳ್ಳೆಯದು. ಆ ದೇಶದ ಪಟ್ಟಿಯಲ್ಲಿ 90,000ಕ್ಕೂ ಹೆಚ್ಚು ಅಣೆಕಟ್ಟುಗಳಿವೆ. ಅವುಗಳಲ್ಲಿ ಅತಿ ಹೆಚ್ಚಿನವು ಯಾವ ಉದ್ದೇಶಕ್ಕೆಂದು ನೋಡಿದರೆ ಮೊದಲ ಸ್ಥಾನ ನೀರಾವರಿಯದಲ್ಲ, ವಿದ್ಯುತ್ತಿನದೂ ಅಲ್ಲ, ವಿಹಾರದ್ದು. ಬಹುಪಾಲು ಖಾಸಗಿಯವರ ಕೈಯಲ್ಲಿವೆ. ಅವುಗಳ ಸರಾಸರಿ ವಯಸ್ಸು 60 ವರ್ಷ ದಾಟಿದೆ. ಊರಿನ ಸಣ್ಣ ವಿಹಾರದ ಕಟ್ಟೆ ಹೇಗೆ ಕೆಡುತ್ತದೆ, ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಬೇಕಾದಷ್ಟು ಉದಾಹರಣೆಗಳಿವೆ.

ಮರೆತುಹೋದ ಕಟ್ಟೆ

ಜಾರ್ಜಿಯಾ ರಾಜ್ಯದ ಟೊಕೋವ ಎಂಬಲ್ಲಿ ಒಂದು ಸಣ್ಣ ಕಟ್ಟೆ ಇತ್ತು. ಹೆಸರು ಕೆಲ್ಲಿ ಬಾರ್ನ್ಸ್. 1899ರಲ್ಲಿ ಮರದ ಚೌಕಟ್ಟಿಗೆ ಕಲ್ಲು ತುಂಬಿ ಕಟ್ಟಿದ್ದನ್ನು ಆಮೇಲೆ ಮಣ್ಣು ಹಾಕಿ ಎತ್ತರಿಸಿದರು. ಎತ್ತರ ಸುಮಾರು 40 ಅಡಿ, ಉದ್ದ ಸುಮಾರು 400 ಅಡಿ, ನೀರು ನಿಲ್ಲುತ್ತಿದ್ದುದು ಸುಮಾರು 40 ಎಕರೆಯಲ್ಲಿ. ನಮ್ಮ ಲೆಕ್ಕದಲ್ಲಿ ಅದೊಂದು ಸಾಧಾರಣ ಕೆರೆ. ಕೆಳಗೆ ಒಂದು ಧಾರ್ಮಿಕ ಕಾಲೇಜು, ಅದರ ವಿದ್ಯಾರ್ಥಿಗಳ ಮತ್ತು ಸಿಬ್ಬಂದಿಯ ಮನೆಗಳು.

ಈ ಕಟ್ಟೆಯಿಂದ 1957ರವರೆಗೆ ವಿದ್ಯುತ್ ತೆಗೆಯುತ್ತಿದ್ದರು. ಅದು ನಿಂತ ಮೇಲೆ ಕೆರೆ ವಿಹಾರಕ್ಕೆ ಉಳಿಯಿತು. ಹಿಂಬದಿಯ ಇಳಿಜಾರು ಕಡಿದಾಗಿತ್ತು. ಅದರ ಮೇಲೆ ಮರಗಳು ಬೆಳೆದವು. 1973ರಲ್ಲಿ ತೆಗೆದ ಒಂದು ಚಿತ್ರದಲ್ಲಿ ಹಿಂಬದಿಯ ಮಣ್ಣು ಒಂದು ಕಡೆ ಕುಸಿದು ಜಾರಿರುವುದು ಕಾಣುತ್ತದೆ. ಚಿತ್ರ ತೆಗೆದರೇ ಹೊರತು ಕುಸಿತಕ್ಕೆ ಕಾರಣ ಹುಡುಕಲಿಲ್ಲ.

1977ರ ನವೆಂಬರ್ ಮೊದಲ ವಾರ ಕೆಲವು ದಿನ ಬಿಡದೆ ಮಳೆ ಸುರಿಯಿತು. 6ನೇ ತಾರೀಖು ರಾತ್ರಿ ಸುಮಾರು ಒಂದೂವರೆ ಗಂಟೆಗೆ, ಜನ ಮಲಗಿರುವಾಗ, ಕಟ್ಟೆ ಒಡೆಯಿತು. 39 ಮಂದಿ ಸತ್ತರು. ತನಿಖೆ ಮಾಡಿದವರಿಗೆ ಆ ಕಟ್ಟೆಯ ನಕ್ಷೆಯೇ ಸಿಗಲಿಲ್ಲ. ಒಂದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದಿದ್ದರೂ, ಕಡಿದಾದ ಹಿಂಬದಿಯ ಕುಸಿತ ಮತ್ತು ಒಳಗಿನ ಸೋರಿಕೆ ಎರಡೂ ಸೇರಿ ಈ ಅನಾಹುತವಾಗಿರಬೇಕೆಂದು ಅವರು ಅಭಿಪ್ರಾಯಪಟ್ಟರು.

ಇದಾದ ಮೇಲೆ ಅಂದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್, ಒಡೆದರೆ ಪ್ರಾಣಹಾನಿಯಾಗುವಂಥ ಕಟ್ಟೆಗಳನ್ನೆಲ್ಲ ಪರೀಕ್ಷಿಸಲು ಆಜ್ಞೆ ಮಾಡಿದರು. ಸೇನೆಯ ಎಂಜಿನಿಯರುಗಳು 1981ರ ವೇಳೆಗೆ ಸುಮಾರು 8,800 ಕಟ್ಟೆಗಳನ್ನು ನೋಡಿದರು. ಮೂರರಲ್ಲಿ ಒಂದು ಸುರಕ್ಷಿತವಲ್ಲವೆಂದು ಕಂಡುಬಂತು. ಅವುಗಳಲ್ಲಿ ಹೆಚ್ಚಿನವುಗಳ ದೋಷ ಒಂದೇ: ದೊಡ್ಡ ಮಳೆಯ ನೀರನ್ನು ಹೊರಹಾಕಲು ಕೋಡಿ ಸಾಲದು. ನಮ್ಮ ರೈತರು ಈ ಮಾತನ್ನು ಎರಡು ಸಲ ಓದಬೇಕು.

ಮೀನು ಹೋಗದಂತೆ ಹಾಕಿದ ಜಾಲರಿ

ಇದಕ್ಕಿಂತ ಹಳೆಯದು, ಇದಕ್ಕಿಂತ ಘೋರವಾದುದು ಪೆನ್ಸಿಲ್ವೇನಿಯಾ ರಾಜ್ಯದ ಸೌತ್ ಫೋರ್ಕ್ ಕಟ್ಟೆಯ ಕಥೆ. ಕಾಲುವೆಯ ದೋಣಿ ಸಂಚಾರಕ್ಕೆ ನೀರು ಒದಗಿಸಲೆಂದು ಸರ್ಕಾರವೇ ಕಟ್ಟಿಸಿದ ಮಣ್ಣಿನ ಕಟ್ಟೆ ಅದು. 72 ಅಡಿ ಎತ್ತರ, 931 ಅಡಿ ಉದ್ದ. ರೈಲು ಬಂದು ಕಾಲುವೆ ಬೇಡವಾಯಿತು. ಕಟ್ಟೆ ಕೈಯಿಂದ ಕೈಗೆ ಮಾರಾಟವಾಯಿತು. 1862ರಲ್ಲಿ ಒಂದು ಭಾಗ ಕುಸಿಯಿತು. ನಡುವೆ ಕೊಂಡವನೊಬ್ಬ ತಳದಲ್ಲಿದ್ದ ಎರಕದ ಕೊಳವೆಗಳನ್ನು ಕಿತ್ತು ಗುಜರಿಗೆ ಮಾರಿದ. ಎಂದರೆ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೆರೆಗೆ ತೂಬೇ ಇಲ್ಲವಾಯಿತು.

1879ರಲ್ಲಿ ಅದನ್ನು ಶ್ರೀಮಂತರ ವಿಹಾರ ಕೂಟವೊಂದಕ್ಕಾಗಿ ಕೊಂಡರು. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯಂಥವರು ಅದರ ಸದಸ್ಯರು. ಕುಸಿದ ಭಾಗವನ್ನು ಸಿಕ್ಕಿದ್ದನ್ನು ತುಂಬಿ ಮುಚ್ಚಿದರು. ಏರಿಯ ಮೇಲೆ ಎರಡು ಸಾರೋಟು ಎದುರುಬದುರು ಹೋಗಲೆಂದು ಅದರ ತಲೆಯನ್ನು ಕೆಲವು ಅಡಿ ತಗ್ಗಿಸಿ ಅಗಲ ಮಾಡಿದರು. ಸಾಕಿದ ಮೀನು ಕೋಡಿಯಲ್ಲಿ ಹರಿದುಹೋಗದಂತೆ ಅಲ್ಲಿ ಜಾಲರಿ ಹಾಕಿದರು. ಕಿತ್ತ ತೂಬನ್ನು ಮತ್ತೆ ಇಡಲಿಲ್ಲ.

ಕೆಳಗೆ 14 ಮೈಲಿ ದೂರದಲ್ಲಿ ಜಾನ್ಸ್‌ಟೌನ್ ಎಂಬ ಕಾರ್ಖಾನೆಯ ಊರು. ಅಲ್ಲಿನ ಕಬ್ಬಿಣದ ಕಂಪನಿಯ ಮುಖ್ಯಸ್ಥ ಡೇನಿಯಲ್ ಮಾರೆಲ್‌ಗೆ ಸಂಶಯ ಬಂದು 1880ರಲ್ಲಿ ತಮ್ಮ ಎಂಜಿನಿಯರ್ ಜಾನ್ ಫುಲ್ಟನ್‌ರನ್ನು ಕಳಿಸಿ ಪರೀಕ್ಷೆ ಮಾಡಿಸಿದರು. ನೀರು ಇಳಿಸಲು ದಾರಿ ಇಲ್ಲ, ಒಂದು ಕಡೆ ಸೋರುತ್ತಿದೆ ಎಂದು ಫುಲ್ಟನ್ ವರದಿ ಕೊಟ್ಟರು. ರಿಪೇರಿಯ ಖರ್ಚಿನಲ್ಲಿ ತಾವೂ ಪಾಲು ಕೊಡುವುದಾಗಿ ಮಾರೆಲ್ ಹೇಳಿದರು. ಅಪಾಯವೇನೂ ಇಲ್ಲವೆಂದು ಕೂಟದವರು ಉತ್ತರ ಬರೆದು ಕೈತೊಳೆದುಕೊಂಡರು.

1889ರ ಮೇ 31ರಂದು ಭಾರಿ ಮಳೆಗೆ ಕೆರೆ ತುಂಬಿತು. ಜಾಲರಿಗೆ ಕಸಕಡ್ಡಿ ಸಿಕ್ಕಿ ಕೋಡಿ ಕಟ್ಟಿಕೊಂಡಿತು. ಆಳುಗಳು ಇನ್ನೊಂದು ಕೋಡಿ ಅಗೆಯಲು ನೋಡಿದರು. ಜಾಲರಿ ಕೀಳಲು ನೋಡಿದರು. ಸಮಯ ಮೀರಿತ್ತು. ಮಧ್ಯಾಹ್ನ ನೀರು ಏರಿಯನ್ನು ಹತ್ತಿ ಹರಿದು ಕಟ್ಟೆ ಕೊಚ್ಚಿಹೋಯಿತು. ಸಂಜೆ ನಾಲ್ಕರ ಸುಮಾರಿಗೆ ಜಾನ್ಸ್‌ಟೌನ್ ನೀರಿನಡಿ ಇತ್ತು. ಸತ್ತವರು 2,209 ಮಂದಿ. ಎಂಜಿನಿಯರುಗಳ ಸಂಘದ ಸಮಿತಿಯೊಂದು, ಏರಿ ತಗ್ಗಿಸದಿದ್ದರೂ ಒಡೆಯುತ್ತಿತ್ತು ಎಂದು ತೀರ್ಪು ಕೊಟ್ಟಿತು. 2016ರಲ್ಲಿ ಪ್ರಕಟವಾದ ಹೊಸ ಲೆಕ್ಕಾಚಾರ ಇದನ್ನು ಒಪ್ಪುವುದಿಲ್ಲ. ಏರಿಯ ತಲೆ ತಗ್ಗಿಸಿದ್ದರಿಂದಲೇ ನೀರು ಹೊರಹೋಗುವ ಶಕ್ತಿ ಬಹಳ ಕುಗ್ಗಿತೆಂದು ಅದು ತೋರಿಸಿದೆ. ನ್ಯಾಯಾಲಯದಲ್ಲಿ ಕೂಟದ ಸದಸ್ಯರಿಂದ ಯಾರಿಗೂ ಪರಿಹಾರ ಸಿಗಲಿಲ್ಲ.

ನಮ್ಮಲ್ಲಿ ಸಾರೋಟಿಲ್ಲ. ಆದರೆ ಮೀನು ಗುತ್ತಿಗೆ ಹಿಡಿದವರು ಕೋಡಿಗೆ ಬಲೆ ಕಟ್ಟುವುದನ್ನು ಯಾರು ನೋಡಿಲ್ಲ? ಇನ್ನಷ್ಟು ನೀರು ನಿಲ್ಲಲೆಂದು ಕೋಡಿಯ ಮೇಲೆ ಮರಳು ಚೀಲ ಪೇರಿಸುವುದು, ಓಡಾಟಕ್ಕೆ ಅನುಕೂಲವೆಂದು ಕೋಡಿಗೆ ಅಡ್ಡಲಾಗಿ ಮಣ್ಣು ಹಾಕುವುದು, ಕೋಡಿ ಹಳ್ಳವನ್ನೇ ಉತ್ತು ಬೆಳೆ ಇಡುವುದು ಎಲ್ಲೆಡೆ ಉಂಟು. ಅಂದು ಆ ಶ್ರೀಮಂತರು ಮಾಡಿದ್ದನ್ನೇ ನಾವು ಬಡತನದಲ್ಲಿ ಮಾಡುತ್ತಿದ್ದೇವೆ.

ಮಣ್ಣಿನ ಏರಿ ಒಡೆಯುವುದು ಹೇಗೆ?

ಮಣ್ಣಿನ ಏರಿ ಒಡೆಯುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ನೀರು ಏರಿಯ ಮೇಲೆ ಹತ್ತಿ ಹರಿಯುವುದು. ಆಗ ಮೊದಲು ಕೊರೆಯುವುದು ಹಿಂಬದಿಯನ್ನು. ಕೊರಕಲು ಹಿಂದಿನಿಂದ ಮುಂದಕ್ಕೆ ಸರಿಯುತ್ತ ನೀರಿನ ಕಡೆಗೆ ಬಂದು ಮುಟ್ಟಿದ ಕ್ಷಣ ಏರಿ ಬಾಯಿ ಬಿಡುತ್ತದೆ. ಬಂಡಿ, ಟ್ರಾಕ್ಟರ್ ಓಡಾಡಿ ಏರಿ ಒಂದು ಕಡೆ ತಗ್ಗಾಗಿದ್ದರೆ ಕೆರೆಯ ನೀರೆಲ್ಲ ಆ ತಗ್ಗನ್ನೇ ಹುಡುಕಿಕೊಂಡು ಬರುತ್ತದೆ.

ಎರಡನೆಯದು, ಒಳಗಿನ ಸೋರಿಕೆ. ಯಾವ ಮಣ್ಣಿನ ಏರಿಯೂ ಸ್ವಲ್ಪ ಜಿನುಗುತ್ತದೆ. ಜಿನುಗುವ ನೀರು ತಿಳಿಯಾಗಿದ್ದು ಒಂದೇ ಸಮನಾಗಿದ್ದರೆ ಕೂಡಲೇ ಭಯಪಡಬೇಕಿಲ್ಲ. ಬಗ್ಗಡವಾಗಿ ಬಂದರೆ ಅದು ಏರಿಯ ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದೇ ಅರ್ಥ. ಇಲಿ, ಏಡಿ, ಮುಳ್ಳುಹಂದಿಯ ಬಿಲ, ಹುತ್ತ, ಸತ್ತ ಮರದ ಕೊಳೆತ ಬೇರು ಇವೆಲ್ಲ ನೀರಿಗೆ ಸಿದ್ಧವಾದ ದಾರಿಗಳು. ತೂಬಿನ ಕಾಲುವೆ ಏರಿಯನ್ನು ಹಾದು ಬರುವ ಜಾಗವೂ ಅಷ್ಟೇ ದುರ್ಬಲ.

ಮೂರನೆಯದು, ಜಾರಿಕೆ. ಏರಿಯ ಮೇಲೆ ಉದ್ದುದ್ದಕ್ಕೆ ಬಿರುಕು, ಬುಡದಲ್ಲಿ ಉಬ್ಬು ಕಂಡರೆ ಇಳಿಜಾರು ಜಾರಲು ಹೊರಟಿದೆ ಎಂದು ತಿಳಿಯಬೇಕು. ತುಂಬಿದ ಕೆರೆಯ ನೀರನ್ನು ಒಮ್ಮೆಲೇ ಇಳಿಸಿದರೂ ಒಳಬದಿ ನೆನೆದ ಮಣ್ಣು ಜಾರಬಹುದು.

ಈ ಮೂರಕ್ಕೂ ವಿಹಾರದ ಸಿಂಗಾರಕ್ಕೂ ಸಂಬಂಧವಿದೆ. ದೀಪದ ಕಂಬಕ್ಕೆ ಗುಂಡಿ ತೋಡುವುದು, ನೀರಿನ ಕೊಳವೆಗೆ ಏರಿಯನ್ನು ಅಗೆಯುವುದು, ನೆರಳಿಗೆಂದು ಏರಿಯ ಮೇಲೆ ದೊಡ್ಡ ಜಾತಿಯ ಮರ ಹಾಕುವುದು, ಹಿಂಬದಿಗೆ ಕಲ್ಲು ಹಾಸಿ ಜಿನುಗು ಕಾಣದಂತೆ ಮುಚ್ಚುವುದು, ಇವು ನೋಟಕ್ಕೆ ಚೆಂದ, ಏರಿಗೆ ಕೇಡು.

ಖರ್ಚು ಯಾರ ತಲೆಯ ಮೇಲೆ?

ದೋಷ ತಿಳಿದರೂ ದುರಸ್ತಿ ಆಗದಿರುವುದಕ್ಕೆ ಕಾರಣ ಹಣ. ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ 2015ರ ಅಕ್ಟೋಬರ್ ಮಳೆಗೆ ಹತ್ತಾರು ಸಣ್ಣ ಕಟ್ಟೆಗಳು ಒಡೆದವು. ಅವುಗಳಲ್ಲಿ ಹಲವು ಮನೆ ಮಾಲೀಕರ ಸಂಘಗಳ ವಿಹಾರದ ಕೊಳಗಳು. ಮತ್ತೆ ಕಟ್ಟಲು ಹಣ ಯಾರು ಹಾಕಬೇಕೆಂಬ ಜಗಳದಲ್ಲಿ ಕೆಲವು ವರ್ಷಗಟ್ಟಲೆ ಬರಿದಾಗಿ ಉಳಿದವು.

ಮಿಷಿಗನ್ ರಾಜ್ಯದ ಈಡನ್‌ವಿಲ್ ಕಟ್ಟೆಯದು ಇನ್ನೊಂದು ಪಾಠ. 1924ರ ಈ ಕಟ್ಟೆಗೆ ಕೋಡಿಯ ಶಕ್ತಿ ಸಾಲದೆಂದು ಕೇಂದ್ರದ ನಿಯಂತ್ರಣ ಸಂಸ್ಥೆ ವರ್ಷಗಟ್ಟಲೆ ಹೇಳುತ್ತ ಬಂದು, ಕೊನೆಗೆ 2018ರಲ್ಲಿ ವಿದ್ಯುತ್ ಪರವಾನಗಿ ರದ್ದುಮಾಡಿತು. ಒಡೆಯರು ಹಣವಿಲ್ಲವೆಂದರು. ಕೆರೆಯ ಅಂಚಿನ ಮನೆಯವರಿಗೆ ನೀರು ತುಂಬಿರಬೇಕೆಂಬ ಆಸೆ. ನೀರಿನ ಮಟ್ಟ ಇಳಿಸುವುದೇ ವ್ಯಾಜ್ಯವಾಯಿತು. 2020ರ ಮೇ 19ರಂದು ಏರಿ ಒಡೆಯಿತು. ಕೆಳಗಿನ ಸ್ಯಾನ್‌ಫರ್ಡ್ ಕಟ್ಟೆಯೂ ಹೋಯಿತು. ಸುಮಾರು 10,000 ಜನರನ್ನು ಮುಂಚಿತವಾಗಿ ಸಾಗಿಸಿದ್ದರಿಂದ ಪ್ರಾಣಹಾನಿಯಾಗಲಿಲ್ಲ. ನೀರು ಏರಿ ಹತ್ತುವ ಮೊದಲೇ, ಸಡಿಲವಾಗಿ ತುಂಬಿದ್ದ ಮರಳು ಮಣ್ಣು ನೆನೆದು ಬಲ ಕಳೆದುಕೊಂಡು ಹರಿದುಹೋಯಿತೆಂದು ತಜ್ಞರು 2022ರಲ್ಲಿ ವರದಿ ಕೊಟ್ಟರು. ಆ ಕೆರೆಗಳನ್ನು ಮತ್ತೆ ಕಟ್ಟುವ ಖರ್ಚಿನ ಒಂದು ಪಾಲನ್ನು ಈಗ ಅಂಚಿನ ಮನೆಯವರ ಮೇಲೆಯೇ ಹೇರಲಾಗಿದೆ.

ಇವುಗಳ ಎದುರಿಗೆ ಉತ್ತರ ಕೆರೊಲಿನಾ ರಾಜ್ಯದ ಲೇಕ್ ಲೂರ್ ಇದೆ. ಆ ವಿಹಾರದ ಕೆರೆ ಊರಾಡಳಿತದ್ದೇ ಸ್ವತ್ತು, 1965ರಲ್ಲಿ ಕೊಂಡದ್ದು. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ನೀರು ಕಟ್ಟೆಯ ಮೇಲೆ ಹತ್ತಿ ಹರಿಯಿತು. ಕೆಳಗಿನವರಿಗೆ ಕೂಡಲೇ ಜಾಗ ಬಿಡಲು ಎಚ್ಚರಿಕೆ ಹೋಯಿತು. ಕಾಂಕ್ರೀಟಿನದಾದ್ದರಿಂದ ಕಟ್ಟೆ ನಿಂತಿತು. ಮಣ್ಣಿನದಾಗಿದ್ದರೆ ನಿಲ್ಲುತ್ತಿತ್ತೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

ನಮ್ಮ ಕಾನೂನು ಎಲ್ಲಿಯವರೆಗೆ?

ನಮ್ಮ ದೇಶದಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿದೆ. ಮುಂಗಾರಿನ ಮೊದಲು ಮತ್ತು ನಂತರ ಪರೀಕ್ಷೆ ಆಗಬೇಕು, ಅಪಾಯ ಬಂದರೆ ಏನು ಮಾಡಬೇಕೆಂಬ ಯೋಜನೆ ಬರೆದಿಟ್ಟಿರಬೇಕು ಎಂದು ಅದು ಹೇಳುತ್ತದೆ. ಒಳ್ಳೆಯ ಕಾನೂನು. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ. 10ರಿಂದ 15 ಮೀಟರಿನವು ಒಳಗೆ ಬರಬೇಕಾದರೆ 500 ಮೀಟರ್ ಉದ್ದವೋ, 10 ಲಕ್ಷ ಘನ ಮೀಟರ್ ನೀರೋ, ಇಂಥ ಒಂದು ಷರತ್ತಾದರೂ ಪೂರೈಸಬೇಕು. 10 ಮೀಟರ್ ಎಂದರೆ ಸುಮಾರು 33 ಅಡಿ. ನಮ್ಮ ಹಳ್ಳಿಯ ಕೆರೆಗಳಲ್ಲಿ ಬಹುಪಾಲಿನ ಏರಿ ಅದಕ್ಕಿಂತ ಗಿಡ್ಡ. ಹಾಗಾಗಿ ಅವು ಈ ಕಾಯ್ದೆಯ ಹೊರಗೆ ಉಳಿದಿವೆ.

ದೊಡ್ಡ ಅಣೆಕಟ್ಟಿಗೆ ಪೆಟ್ಟು ಬಿದ್ದರೆ ನಾಡೇ ಎದ್ದು ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಸರ್ಕಾರ, ತಜ್ಞರು, ಪತ್ರಿಕೆಗಳು ಎಲ್ಲರೂ ಹೊಸಪೇಟೆಗೆ ಧಾವಿಸಿದರು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆ ಕೂಡಿಸಿ ನೀರು ಉಳಿಸಿದರು. ಸಣ್ಣ ಕೆರೆಗೆ ಆ ಭಾಗ್ಯವಿಲ್ಲ. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ರಾಜಧಾನಿಯ ಕೆರೆಯ ಗತಿಯೇ ಇದಾದರೆ ದೂರದ ಹಳ್ಳಿಯ ಪಾಡೇನು?

ಹೊಣೆಯೂ ಹಂಚಿಹೋಗಿದೆ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತಿಗೆ, ಮೀನಿನ ಗುತ್ತಿಗೆ ಒಬ್ಬರಿಗೆ, ಕಾಲುದಾರಿಯ ಕಾಮಗಾರಿ ಮತ್ತೊಬ್ಬರಿಗೆ. ಪ್ರತಿಯೊಬ್ಬರಿಗೂ ಕೆರೆಯಲ್ಲಿ ಒಂದು ಪಾಲು. ಏರಿ ಮಾತ್ರ ಯಾರ ಪಾಲಿಗೂ ಇಲ್ಲ. ನಮ್ಮ ಹಿರಿಯರು ಹೀಗೆ ಮಾಡಿರಲಿಲ್ಲ. ಕೆರೆ ಕಟ್ಟಿದವನಿಗೆ, ಕಾಯ್ದವನಿಗೆ ಕಟ್ಟುಕೊಡಗೆಯ ಭೂಮಿ, ಹೂಳು ಹೊರುವ ಕೆರೆಬಂಡಿಗೆ ದತ್ತಿ ಎಂದು ಶಾಸನಗಳಲ್ಲಿ ಬರೆಸಿದ್ದಾರೆ. ದುರಸ್ತಿಗೆ ಆದಾಯದ ಮೂಲವನ್ನು ಕೆರೆಯ ಜೊತೆಯಲ್ಲೇ ಕಟ್ಟಿಹಾಕಿದ್ದರು.

ಮಾಡಬೇಕಾದ್ದು

ವಿಹಾರ ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ. ಜನ ಓಡಾಡುವ ಏರಿ ಹಾಳು ಬಿದ್ದ ಏರಿಗಿಂತ ಮೇಲು. ದೋಣಿಯಿಂದ, ಮೀನಿನಿಂದ ಬರುವ ಹಣದಲ್ಲಿ ಒಂದು ಪಾಲನ್ನು ಏರಿ ಮತ್ತು ಕೋಡಿಯ ದುರಸ್ತಿಗೆಂದೇ ತೆಗೆದಿಡಲು ಗ್ರಾಮಸಭೆ ಠರಾವು ಮಾಡಬಹುದು. ಕಾಮಗಾರಿ ಬಂದಾಗ, ಕಾಲುದಾರಿಗಿಂತ ಮೊದಲು ಕೋಡಿ, ತೂಬು, ಏರಿಯ ಮಟ್ಟ ನೋಡಿ ಎಂದು ಕೇಳುವ ಹಕ್ಕು ಕೆಳಗಿನ ರೈತರಿಗಿದೆ. ಗುತ್ತಿಗೆ ಪತ್ರದಲ್ಲಿಯೇ ಕೋಡಿಗೆ ಬಲೆ ಕಟ್ಟಕೂಡದೆಂದು ಬರೆಸಬೇಕು.

ಪ್ರತಿ ವರ್ಷ ಮುಂಗಾರಿಗೆ ಮೊದಲು ಊರಿನ ನಾಲ್ಕು ಜನ ಏರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡುವುದಕ್ಕೆ ಖರ್ಚೇನೂ ಇಲ್ಲ. ನೋಡಬೇಕಾದ್ದು ಇಷ್ಟು:

1. ಕೋಡಿಯಲ್ಲಿ ಬಲೆ, ಚೀಲ, ಪೊದೆ, ಮಣ್ಣು ಇದೆಯೇ? ಕೋಡಿ ಹಳ್ಳ ತೆರೆದಿದೆಯೇ?

2. ಏರಿಯ ತಲೆ ಒಂದೇ ಮಟ್ಟದಲ್ಲಿದೆಯೇ? ತಗ್ಗಾದ ಕಡೆ ಒಳ್ಳೆಯ ಮಣ್ಣು ಹಾಕಿ ಪದರಪದರವಾಗಿ ದಿಮ್ಮಿಸು ಮಾಡಬೇಕು.

3. ಹಿಂಬದಿಯ ಜಾಲಿ, ಪೊದೆ ಸವರಿ ಬಿಲ, ಹುತ್ತ, ಜಿನುಗು ಕಾಣುವಂತೆ ಮಾಡಬೇಕು. ಹುಲ್ಲು ಇರಲಿ, ಅದು ಮಣ್ಣನ್ನು ಹಿಡಿಯುತ್ತದೆ. ಹಳೆಯ ದೊಡ್ಡ ಮರವನ್ನು ಎಂಜಿನಿಯರನ್ನು ಕೇಳದೆ ಕಡಿಯಬಾರದು. ಬೇರು ಕೊಳೆತರೆ ಅದೇ ಸುರಂಗವಾಗುತ್ತದೆ.

4. ಜಿನುಗುವ ಕಡೆ ಒಂದು ಗೂಟ ನೆಟ್ಟು, ನೀರು ತಿಳಿಯೋ ಬಗ್ಗಡವೋ, ಹೆಚ್ಚುತ್ತಿದೆಯೋ ಎಂದು ವಾರವಾರ ಗಮನಿಸಬೇಕು.

5. ತೂಬು ಎತ್ತಿ ಇಳಿಸಲು ಬರುತ್ತದೆಯೇ? ಬೇಕಾದಾಗ ತೆರೆಯಲಾಗದ ತೂಬು ಇಲ್ಲದ ತೂಬಿಗೆ ಸಮ.

6. ಏರಿಯ ಕೆಳಗಿನ ಮನೆಗಳ ಪಟ್ಟಿ, ರಾತ್ರಿಯಲ್ಲಿ ಎಬ್ಬಿಸುವವರು ಯಾರು, ದನಕರು ಸಹಿತ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ ಪಂಚಾಯತಿಯ ಗೋಡೆಗೆ ಅಂಟಿಸಬೇಕು.

ಬುಡದಲ್ಲಿ ಬಗ್ಗಡದ ಊಟೆ ಎದ್ದರೆ ಮೊದಲು ಕೆಳಗಿನವರನ್ನು ಎಬ್ಬಿಸಬೇಕು. ತಹಶೀಲ್ದಾರರಿಗೆ, ಇಲಾಖೆಯ ಎಂಜಿನಿಯರಿಗೆ ತಿಳಿಸಬೇಕು. ಊಟೆಯ ಬಾಯಿಗೆ ಜೇಡಿಮಣ್ಣು ತುರುಕಬಾರದು. ನೀರು ಇನ್ನೊಂದು ಕಡೆ ಬಾಯಿ ಮಾಡಿಕೊಳ್ಳುತ್ತದೆ. ಸುತ್ತ ಮರಳು ಚೀಲದ ಬಳೆ ಕಟ್ಟಿ, ಒಳಗೆ ಮರಳು, ಅದರ ಮೇಲೆ ಜಲ್ಲಿ ಹಾಕಿದರೆ ನೀರು ಬಂದರೂ ಮಣ್ಣು ಬಾರದು. ಏರಿಯೇ ಕುಸಿಯಲು ತೊಡಗಿದ್ದರೆ ಈ ಕೆಲಸಕ್ಕೂ ಯಾರೂ ಅಲ್ಲಿ ನಿಲ್ಲಕೂಡದು.

ಟೊಕೋವದ ಕಟ್ಟೆ 20 ವರ್ಷ ವಿಹಾರದ ಕೆರೆಯಾಗಿತ್ತು. ಆ ಕುಸಿತ ಚಿತ್ರದಲ್ಲಿ ಕಾಣಿಸಿಕೊಂಡು 4 ವರ್ಷ ಕಳೆದ ಮೇಲೆ ಅದು ಒಡೆಯಿತು. ನಾಲ್ಕು ಮಳೆಗಾಲದಷ್ಟು ಸಮಯ ಅಲ್ಲಿನವರಿಗೆ ಸಿಕ್ಕಿತ್ತು. ನಮ್ಮ ಕೆರೆಗಳು ಎಷ್ಟು ಸಮಯ ಕೊಡುತ್ತವೆ ಎಂಬುದು ಹಿಂಬದಿಯ ಪೊದೆ ಸವರಿ ನೋಡುವವರೆಗೆ ತಿಳಿಯುವುದಿಲ್ಲ. ಈ ಕೆಲಸ ಮುಂದಿನ ಮುಂಗಾರಿಗೆ ಮೊದಲು ಆಗಬೇಕು.